ಈಜಿದ ಮೇಲೆ ಕಿವಿ ನೋಯದಿರಲು: ಮನೆಯಲ್ಲೇ ಬೆರೆಸುವ ಕಿವಿ ಹನಿ

ಈಜು ಮುಗಿಸಿ ಬಂದ ಮೇಲೂ ಕಿವಿಯೊಳಗೆ ನೀರು ಗುಳುಗುಳು ಅನ್ನುತ್ತಿರುತ್ತದೆ. ತಲೆ ಅಲ್ಲಾಡಿಸಿದರೆ ಒಳಗೇನೋ ಅತ್ತಿತ್ತ ಹರಿದಂತಾಗುತ್ತದೆ. ಪಕ್ಕದವರ ಮಾತು ಗೋಡೆಯಾಚೆಯಿಂದ ಬಂದಂತೆ ಕೇಳುತ್ತದೆ. ಹೆಚ್ಚಿನ ಸಲ ಸ್ವಲ್ಪ ಹೊತ್ತಿಗೆ ಆ ನೀರು ತಾನಾಗಿಯೇ ಹೊರಗೆ ಬರುತ್ತದೆ. ಬರದೆ ಒಳಗೇ ನಿಂತಾಗ ತೊಂದರೆ ಶುರುವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನಗೆ ಹಾಗೇ ಆಯಿತು. ಮೊದಲ ದಿನ ಬರೀ ತುರಿಕೆ. ಎರಡನೇ ದಿನ ತಡೆಯಲಾಗದೆ ಇಯರ್ ಬಡ್ ಹಾಕಿ ತಿರುಗಿಸಿದೆ. ಆ ಕ್ಷಣಕ್ಕೆ ಹಾಯೆನಿಸಿತು. ಮೂರನೇ ದಿನ ಆ ಮಗ್ಗುಲಿಗೆ ಮಲಗಲು ಆಗಲಿಲ್ಲ, ಅಗಿದರೂ ನೋವು. ವಿನೆಗರ್ ಮತ್ತು ಆಲ್ಕೋಹಾಲ್ ಬೆರೆಸಿ ಬಿಟ್ಟರೆ ಒಳ್ಳೆಯದು ಅಂತ ಎಲ್ಲೋ ಕೇಳಿದ್ದೆ. ಬೆರೆಸಿ ಬಿಟ್ಟೆ. ಕೆಂಡ ಇಟ್ಟ ಹಾಗೆ ಉರಿಯಿತು. ಮರುದಿನ ಕಿವಿ ನೋಡಿದ ವೈದ್ಯರು ಬಿಡಿಸಿ ಹೇಳಿದರು: ಮಿಶ್ರಣ ಸರಿಯಾಗಿಯೇ ಇದೆ, ಬಿಟ್ಟ ಹೊತ್ತು ಸರಿಯಿಲ್ಲ. ಇದು ಸೋಂಕು ಬರುವ ಮೊದಲು ಬಿಡುವಂಥದ್ದು. ಸೋಂಕು ಬಂದು ಚರ್ಮ ಸೀಳಿದ ಮೇಲೆ ಬಿಟ್ಟರೆ ಉರಿಯೂ ಜಾಸ್ತಿ, ಗುಣವೂ ಆಗುವುದಿಲ್ಲ.

ಅಂದಿನಿಂದ ಇದೇ ಹನಿಯನ್ನು ಸರಿಯಾದ ಹೊತ್ತಿಗೆ ಬಳಸುತ್ತಾ ಬಂದಿದ್ದೇನೆ. ಹೇಗೆ ಮಾಡುವುದು, ಯಾರು ಮಾಡಲೇಬಾರದು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನೀರು ಕಿವಿಗೆ ಏನು ಮಾಡುತ್ತದೆ?

ಇದನ್ನು ಮೊದಲು ತಿಳಿದುಕೊಂಡರೆ ಮುಂದಿನ ಹೆಜ್ಜೆಗಳು ಸುಲಭ. ದೊಡ್ಡವರ ಕಿವಿ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಅದು ನೇರ ಕೊಳವೆಯಲ್ಲ, ಸ್ವಲ್ಪ ಬಾಗಿದೆ. ಒಂದು ತುದಿ ಹೊರಗೆ ತೆರೆದಿದೆ, ಇನ್ನೊಂದು ತುದಿಯನ್ನು ಕಿವಿ ತಮಟೆ ಮುಚ್ಚಿದೆ. ಹಾಗಾಗಿ ಒಳಗೆ ಹೋದ ನೀರಿಗೆ ಬಂದ ದಾರಿಯಲ್ಲೇ ವಾಪಸು ಬರಬೇಕು.

ಈ ನಾಳಕ್ಕೆ ಒಂದು ಸೊಗಸಾದ ಕಾವಲಿದೆ. ನಾವು ಕೊಳೆ ಅಂದುಕೊಂಡಿರುವ ಗುಗ್ಗೆಯೇ ಅದು. ಗುಗ್ಗೆಯಲ್ಲಿ ಜಿಡ್ಡಿದೆ, ಅದಕ್ಕೇ ನೀರು ಚರ್ಮಕ್ಕೆ ಅಂಟದೆ ಜಾರುತ್ತದೆ. ಅದು ಸ್ವಲ್ಪ ಹುಳಿ ಗುಣದ್ದು ಕೂಡ. ಆ ಹುಳಿಯಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ.

ತುಂಬಾ ಹೊತ್ತು ನೀರಲ್ಲಿದ್ದರೆ ಬೆರಳ ತುದಿ ಬೆಳ್ಳಗೆ ಸುಕ್ಕಾಗುತ್ತದೆ, ಅಲ್ವಾ? ಕಿವಿಯೊಳಗಿನ ಚರ್ಮವೂ ಹಾಗೇ ನೆನೆದು ಮೆತ್ತಗಾಗುತ್ತದೆ. ಗುಗ್ಗೆ ತೊಳೆದು ಹೋಗುತ್ತದೆ, ಹುಳಿ ಗುಣ ಕಡಿಮೆಯಾಗುತ್ತದೆ. ಒಳಗೆ ಬೆಚ್ಚಗಿದೆ, ಕತ್ತಲಿದೆ, ತೇವವೂ ಇದೆ. ಸ್ಯೂಡೊಮೊನಾಸ್, ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳಿಗೆ ಇನ್ನೇನು ಬೇಕು? ಆ ಹೊತ್ತಿಗೆ ಇಯರ್ ಬಡ್‌ನಿಂದಲೋ ಉಗುರಿನಿಂದಲೋ ಒಂದು ಸಣ್ಣ ಗೀರು ಬಿದ್ದರೆ ಅವು ಚರ್ಮದೊಳಗೆ ಇಳಿಯುತ್ತವೆ. ಕೆಲವೊಮ್ಮೆ ಶಿಲೀಂಧ್ರವೂ ಬೆಳೆಯುತ್ತದೆ. ಇದನ್ನೇ ವೈದ್ಯರು ಒಟೈಟಿಸ್ ಎಕ್ಸ್‌ಟರ್ನಾ ಅನ್ನುತ್ತಾರೆ. ಜನ ಈಜುಗಾರರ ಕಿವಿ ಅನ್ನುತ್ತಾರೆ. ನಾಳದ ಒಳಭಾಗದಲ್ಲಿ ಚರ್ಮ ಬಹಳ ತೆಳು, ಅದರ ಕೆಳಗೆ ನೇರವಾಗಿ ಮೂಳೆ. ಊದಿಕೊಳ್ಳಲು ಜಾಗವೇ ಇಲ್ಲ. ಅದಕ್ಕೇ ಇಷ್ಟು ಸಣ್ಣ ಜಾಗದ ಸೋಂಕು ಅಷ್ಟೊಂದು ನೋಯುತ್ತದೆ.

ನಮ್ಮ ಹನಿ ಮಾಡುವುದು ಎರಡೇ ಕೆಲಸ. ಆಲ್ಕೋಹಾಲ್ ಉಳಿದ ನೀರಿನ ಜೊತೆ ಬೆರೆತು, ಬೇಗ ಆರಿಹೋಗುವಂತೆ ಮಾಡುತ್ತದೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ನೀರು ತೊಳೆದುಕೊಂಡು ಹೋದ ಹುಳಿ ಗುಣವನ್ನು ವಾಪಸು ಕೊಡುತ್ತದೆ. ಅಸಿಟಿಕ್ ಆಮ್ಲ ಹೊಸದೇನಲ್ಲ. ವೈದ್ಯರು ಬರೆದುಕೊಡುವ ಕಿವಿ ಹನಿಗಳಲ್ಲಿ ಅದು 2 ಶೇಕಡಾ ಪ್ರಮಾಣದಲ್ಲಿರುವ ಔಷಧಿಯೂ ಇದೆ. ದಿನಗಟ್ಟಲೆ ಒತ್ತಡದ ಕೋಣೆಯಲ್ಲಿದ್ದು ಕೆಲಸ ಮಾಡುವ ಅಮೆರಿಕ ನೌಕಾಪಡೆಯ ಮುಳುಗುಗಾರರಿಗೂ ಕಿವಿ ಸೋಂಕು ತಡೆಯಲು ಅಸಿಟಿಕ್ ಆಮ್ಲದ ಹನಿಯನ್ನೇ ಕೊಡುತ್ತಾರೆ. ಹನಿ ಬಿಟ್ಟು ಒಂದೊಂದು ಕಿವಿಗೂ 5 ನಿಮಿಷ ಹಾಗೇ ಇರಬೇಕು ಅನ್ನುವುದು ಅಲ್ಲಿನ ಕ್ರಮ.

ಮೊದಲು ಇದನ್ನು ಓದಿ: ಯಾರು ಬಿಡಬಾರದು

ಈ ಭಾಗವನ್ನು ದಯವಿಟ್ಟು ದಾಟಿ ಹೋಗಬೇಡಿ. ಈ ಹನಿ ಒಳ್ಳೆಯ ಕಿವಿಗೆ ಮಾತ್ರ. ಕಿವಿ ತಮಟೆಯಲ್ಲಿ ತೂತಿದ್ದರೆ ಆಲ್ಕೋಹಾಲ್ ಮತ್ತು ಆಮ್ಲ ಸೀದಾ ನಡುಗಿವಿಗೆ ಇಳಿಯುತ್ತದೆ. ಅಲ್ಲಿ ಅದು ವಿಪರೀತ ನೋವು ಕೊಡುತ್ತದೆ, ಕೇಳುವ ಶಕ್ತಿಗೂ ಅಪಾಯ.

ತೂತಿದೆಯೋ ಇಲ್ಲವೋ ಹೊರಗಿನಿಂದ ನಮಗೆ ಕಾಣುವುದಿಲ್ಲ. ಆದರೆ ಕೆಲವು ಸುಳಿವು ಇರುತ್ತದೆ. ಚಿಕ್ಕಂದಿನಲ್ಲಿ ಆಗಾಗ ಕಿವಿ ಸೋರುತ್ತಿತ್ತಾ? ಮೂಗು ಹಿಡಿದು ಊದಿದರೆ ಕಿವಿಯಿಂದ ಗಾಳಿ ಬಂದಂತಾಗುತ್ತದಾ? ಕಿವಿಗೆ ಬಿಟ್ಟ ಔಷಧಿಯ ರುಚಿ ಎಂದಾದರೂ ಗಂಟಲಿಗೆ ಬಂದಿತ್ತಾ? ಕಿವಿಗೆ ಜೋರಾದ ಪೆಟ್ಟು ಬಿದ್ದು ಆಮೇಲೆ ಕೇಳಿಸುವುದು ಕಡಿಮೆಯಾಗಿದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ವೈದ್ಯರು ಟಾರ್ಚ್ ಹಾಕಿ ಒಳಗೆ ನೋಡಿ ಹೇಳುವ ತನಕ ಏನನ್ನೂ ಬಿಡಬೇಡಿ.

ಕಿವಿಯೊಳಗೆ ಟ್ಯೂಬ್ ಹಾಕಿಸಿಕೊಂಡವರು, ಕಿವಿ ಆಪರೇಷನ್ ಆದವರು, ಈಗಾಗಲೇ ನೋವು, ಸೋರಿಕೆ ಅಥವಾ ಗಾಯ ಇರುವವರು ಬಿಡಲೇಬಾರದು. ಕಿವಿಯೊಳಗೆ ಎಕ್ಸಿಮಾ ಅಥವಾ ಸೋರಿಯಾಸಿಸ್ ಇದ್ದರೂ ಬೇಡ, ಆಲ್ಕೋಹಾಲ್ ಆ ಚರ್ಮವನ್ನು ಇನ್ನೂ ಒಣಗಿಸಿ ಬಿರುಕು ಬಿಡಿಸುತ್ತದೆ. ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಮಕ್ಕಳ ವಿಷಯದಲ್ಲೂ ಇದೇ ಮಾತು. ಮಗುವಿನ ಕಿವಿಯನ್ನು ವೈದ್ಯರು ಒಮ್ಮೆ ನೋಡಿ ಸರಿ ಅಂದ ಮೇಲೆ ಸಾಕು, ಅವಸರವೇನಿಲ್ಲ.

ಇನ್ನೊಂದು ಮಾತು. ಈಜುವ ಎಲ್ಲರಿಗೂ ಈ ಹನಿ ಬೇಕಾಗಿಲ್ಲ. ವರ್ಷಗಟ್ಟಲೆ ಈಜಿದರೂ ಕಿವಿಯ ತಂಟೆಯೇ ಬರದವರು ಎಷ್ಟೋ ಜನ ಇದ್ದಾರೆ. ನೀರು ಪದೇ ಪದೇ ನಿಲ್ಲುವವರಿಗೆ, ಒಂದೆರಡು ಸಲ ಸೋಂಕು ಬಂದು ವಾಸಿಯಾದವರಿಗೆ, ದಿನಾ ತುಂಬಾ ಹೊತ್ತು ನೀರಲ್ಲಿರುವವರಿಗೆ ಇದು ನಿಜವಾಗಿ ಉಪಯೋಗ.

ಬೇಕಾಗುವ ಸಾಮಾನು

ಬಿಳಿ ವಿನೆಗರ್, 5 ಶೇಕಡಾ ಆಮ್ಲ ಇರುವಂಥದ್ದು. ನೀರಿನಂತೆ ತಿಳಿಯಾಗಿರಬೇಕು. ಬಣ್ಣದ ವಿನೆಗರ್, ಹಣ್ಣಿನ ವಿನೆಗರ್ ಬೇಡ, ಅವುಗಳಲ್ಲಿ ಗಸಿ ಇರಬಹುದು. ನೆಲ ಒರೆಸಲು ಮಾರುವ ವಿನೆಗರ್‌ನಲ್ಲಿ ಆಮ್ಲ ಜಾಸ್ತಿ, ಅದು ಬೇಡವೇ ಬೇಡ. ಅಚ್ಚ ಅಸಿಟಿಕ್ ಆಮ್ಲವಂತೂ ಚರ್ಮವನ್ನು ಸುಟ್ಟುಬಿಡುತ್ತದೆ. ನೀರು ಬೆರೆಸಿ ಹದ ಮಾಡುತ್ತೇನೆ ಅಂತ ಅದಕ್ಕೆ ಕೈ ಹಾಕಬೇಡಿ.

ಐಸೊಪ್ರೊಪೈಲ್ ಆಲ್ಕೋಹಾಲ್, 70 ಶೇಕಡಾದ್ದು. ಚೀಟಿ ಓದಿಯೇ ಕೊಳ್ಳಿ. ಸ್ಪಿರಿಟ್ ಅಂತ ಸಿಗುವ ಎಲ್ಲವೂ ಒಂದೇ ಅಲ್ಲ. ಕೆಲವು ಸರ್ಜಿಕಲ್ ಸ್ಪಿರಿಟ್‌ಗಳಲ್ಲಿ ಎಣ್ಣೆ ಮತ್ತು ಇತರ ರಾಸಾಯನಿಕ ಸೇರಿಸಿರುತ್ತಾರೆ, ಒಲೆಗೆ ಮತ್ತು ಪೇಂಟಿಗೆ ಬಳಸುವ ಸ್ಪಿರಿಟ್‌ನಲ್ಲಿ ವಿಷವಾದ ಮೆಥನಾಲ್ ಇರುತ್ತದೆ. ಹ್ಯಾಂಡ್ ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್, ಸುಗಂಧ ಎಲ್ಲಾ ಇರುತ್ತದೆ. ಇವು ಯಾವುವೂ ಕಿವಿಗಲ್ಲ.

ಹೊಸ ಡ್ರಾಪರ್ ಬಾಟಲಿ, 20ರಿಂದ 30 ಮಿಲಿಲೀಟರ್ ಹಿಡಿಯುವಂಥದ್ದು. ಹಳೆಯ ಕಣ್ಣಿನ ಔಷಧಿ ಬಾಟಲಿಯನ್ನು ತೊಳೆದು ಬಳಸುವ ಯೋಚನೆ ಬಂದರೆ ಬಿಟ್ಟುಬಿಡಿ. ಯಾರಾದರೂ ಗಡಿಬಿಡಿಯಲ್ಲಿ ಅದನ್ನೇ ಕಣ್ಣಿಗೆ ಬಿಟ್ಟುಕೊಂಡರೆ ಏನಾಗಬಹುದು ಯೋಚಿಸಿ. ಬ್ಲೀಚ್ ಇಟ್ಟಿದ್ದ ಪಾತ್ರೆಯೂ ಬೇಡ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಾಗೇ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಇದಕ್ಕೆ ಬೆರೆಸಬೇಡಿ. ವಿನೆಗರ್ ಜೊತೆ ಸೇರಿದರೆ ಚರ್ಮ ಕೆರಳಿಸುವ ಇನ್ನೊಂದು ಆಮ್ಲ ಹುಟ್ಟುತ್ತದೆ.

ಬೆರೆಸುವುದು

ಇದರಲ್ಲಿ ಹೇಳುವಂಥದ್ದು ಜಾಸ್ತಿಯಿಲ್ಲ. ಕೈ ತೊಳೆದುಕೊಳ್ಳಿ. ಬಾಟಲಿ ಮತ್ತು ಡ್ರಾಪರ್ ತೊಳೆದು ಪೂರ್ತಿ ಒಣಗಿಸಿ. 10 ಮಿಲಿಲೀಟರ್ ವಿನೆಗರ್, 10 ಮಿಲಿಲೀಟರ್ ಆಲ್ಕೋಹಾಲ್ ಹಾಕಿ. ಅಂದರೆ ಎರಡೆರಡು ಟೀ ಚಮಚ. ಮುಚ್ಚಳ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಮುಗಿಯಿತು. ಹತ್ತಿರದಲ್ಲಿ ಬೆಂಕಿ, ಉರಿಯುವ ಒಲೆ ಇರಬಾರದು, ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ.

ಸಮ ಸಮ ಯಾಕೆ ಅಂದರೆ, 5 ಶೇಕಡಾದ ವಿನೆಗರ್ ಅರ್ಧಕ್ಕೆ ಇಳಿದಾಗ ಆಮ್ಲ 2.5 ಶೇಕಡಾ ಆಗುತ್ತದೆ. ಔಷಧಿಯಾಗಿ ಸಿಗುವ 2 ಶೇಕಡಾದ ಹನಿಗೆ ಇದು ಹತ್ತಿರ. ಜಾಸ್ತಿ ವಿನೆಗರ್ ಹಾಕಿದರೆ ಜಾಸ್ತಿ ಗುಣ ಅನ್ನುವ ಲೆಕ್ಕ ಇಲ್ಲಿ ಬರುವುದಿಲ್ಲ, ಚರ್ಮ ಉರಿಯುತ್ತದೆ ಅಷ್ಟೇ.

ಬಾಟಲಿ ಮೇಲೆ ದೊಡ್ಡದಾಗಿ ಬರೆಯಿರಿ: ಕಿವಿ ಹನಿ, ಕುಡಿಯಬಾರದು, ಕಣ್ಣಿಗೆ ಬಿಡಬಾರದು, ಬೆರೆಸಿದ ತಾರೀಖು ಇಷ್ಟು. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹೊಟ್ಟೆಗೆ ಹೋದರೆ ವಿಷ. ಸುಮಾರು 20 ಹನಿ ಸೇರಿದರೆ 1 ಮಿಲಿಲೀಟರ್. ಎರಡೂ ಕಿವಿಗೆ ಸೇರಿ ಒಂದು ಸಲಕ್ಕೆ 10 ಹನಿ ಅಂದುಕೊಂಡರೂ ಈ ಪುಟ್ಟ ಬಾಟಲಿ 40 ಸಲಕ್ಕೆ ಬರುತ್ತದೆ. ನಾನು ತಿಂಗಳಾದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡುತ್ತೇನೆ. ಮುಚ್ಚಳ ತೆಗೆದಾಗಲೆಲ್ಲ ಆಲ್ಕೋಹಾಲ್ ಸ್ವಲ್ಪ ಸ್ವಲ್ಪ ಹಾರಿ ಹೋಗುತ್ತದಲ್ಲ, ಅದಕ್ಕೆ.

ಬಿಡುವುದು

ಮೊದಲು ನೀರು ಹೊರಗೆ ಹೋಗಲಿ. ತಲೆಯನ್ನು ಒಂದು ಬದಿಗೆ ವಾಲಿಸಿ, ಕಿವಿಯನ್ನು ಮೆಲ್ಲಗೆ ಹಿಡಿದು ಬೇರೆ ಬೇರೆ ದಿಕ್ಕಿಗೆ ಎಳೆಯಿರಿ. ನಾಳದ ಬಾಗು ನೇರವಾದಾಗ ನೀರು ಸರ್ರನೆ ಜಾರುತ್ತದೆ. ಬಾಯಿ ತೆರೆದು ಮುಚ್ಚಿ, ಆಕಳಿಸಿ. ಇನ್ನೊಂದು ಕಿವಿಗೂ ಹಾಗೇ ಮಾಡಿ. ಒಣ ಟವೆಲ್‌ನಿಂದ ಕಿವಿಯ ಹೊರಭಾಗ ಒರೆಸಿ. ಟವೆಲ್ ತುದಿ ಸುರುಳಿ ಸುತ್ತಿ ಒಳಗೆ ತೂರಿಸಬೇಡಿ. ಕೆಲವು ದಿನ ಇಷ್ಟಕ್ಕೇ ಕಿವಿ ಒಣಗುತ್ತದೆ.

ಆಮೇಲೆ ಬಾಟಲಿಯನ್ನು ಅಂಗೈಯಲ್ಲಿ ಎರಡು ನಿಮಿಷ ಹಿಡಿದುಕೊಂಡು ಬೆಚ್ಚಗೆ ಮಾಡಿ. ಇದು ಸಣ್ಣ ಕೆಲಸ ಅನ್ನಿಸಬಹುದು. ಆದರೆ ತಣ್ಣಗಿನ ಹನಿ ಒಳಗಿವಿಯ ಸಮತೋಲನದ ಅಂಗವನ್ನು ಕೆಣಕುತ್ತದೆ, ಕೋಣೆಯೇ ತಿರುಗಿದಂತೆ ತಲೆಸುತ್ತು ಬರುತ್ತದೆ. ಒಮ್ಮೆ ಅನುಭವಿಸಿದವರು ಮತ್ತೆ ಮರೆಯುವುದಿಲ್ಲ. ಬೆಂಕಿಯ ಮೇಲೋ ಮೈಕ್ರೊವೇವ್‌ನಲ್ಲೋ ಬಿಸಿ ಮಾಡಬೇಡಿ, ಕೈಯ ಬಿಸಿ ಸಾಕು.

ಪಕ್ಕಕ್ಕೆ ಮಲಗಿ, ಹನಿ ಬಿಡಬೇಕಾದ ಕಿವಿ ಮೇಲೆ ಬರಲಿ. ದೊಡ್ಡವರಾದರೆ ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಎಳೆದು ಹಿಡಿಯಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಯಾವ ಕಿವಿ ಔಷಧಿ ಬಿಡುವಾಗಲೂ ಕೆಳಕ್ಕೆ ಮತ್ತು ಹಿಂದಕ್ಕೆ ಎಳೆಯುತ್ತಾರೆ, ಅವರ ನಾಳದ ಬಾಗು ಬೇರೆ ಥರ. ಡ್ರಾಪರ್ ತುದಿ ಕಿವಿಗೆ ತಾಗದಂತೆ ಹಿಡಿಯಿರಿ. ತಾಗಿದರೆ ಅಲ್ಲಿನ ಕೀಟಾಣು ಬಾಟಲಿಗೆ ಸೇರುತ್ತದೆ.

ಮೊದಲ ದಿನ ಎರಡೇ ಹನಿ ಬಿಟ್ಟು ನೋಡಿ. ತಣ್ಣಗೆ ಸ್ವಲ್ಪ ಚುರ್ ಅಂದರೆ ಹೆದರಬೇಡಿ, ಅರ್ಧ ನಿಮಿಷದಲ್ಲಿ ಹೋಗುತ್ತದೆ. ಜೋರಾಗಿ ಉರಿದರೆ ತಕ್ಷಣ ಮಗ್ಗುಲು ತಿರುಗಿಸಿ ಹನಿ ಹೊರಗೆ ಬರಲು ಬಿಡಿ. ಮತ್ತೆ ಬಿಡಬೇಡಿ. ಒಳಗೆ ಗಾಯವೋ ಸೋಂಕೋ ಇದೆ ಅನ್ನುವುದಕ್ಕೆ ಆ ಉರಿಯೇ ಸುಳಿವು. ನನಗೆ ಅವತ್ತು ಕಿವಿ ಹೇಳಿದ್ದೂ ಅದನ್ನೇ, ನಾನು ಕೇಳಿಸಿಕೊಳ್ಳಲಿಲ್ಲ.

ತೊಂದರೆಯಿಲ್ಲ ಅಂತಾದರೆ ಮರುದಿನದಿಂದ ಒಂದು ಕಿವಿಗೆ ನಾಲ್ಕೈದು ಹನಿ. ಬಿಟ್ಟ ಮೇಲೆ ಕಿವಿ ತೂತಿನ ಮುಂದಿರುವ ಪುಟ್ಟ ಉಬ್ಬನ್ನು ಮೂರ್ನಾಲ್ಕು ಸಲ ಮೆಲ್ಲಗೆ ಒತ್ತಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು ಹನಿ ಕೆಳಗಿಳಿಯುತ್ತದೆ. ಮೂರರಿಂದ ಐದು ನಿಮಿಷ ಸುಮ್ನೆ ಮಲಗಿರಿ. ಆಮೇಲೆ ಎದ್ದು ತಲೆ ವಾಲಿಸಿದರೆ ಹನಿ ಹೊರಗೆ ಹರಿಯುತ್ತದೆ, ಟಿಶ್ಯೂನಿಂದ ಒರೆಸಿಕೊಳ್ಳಿ. ಇನ್ನೊಂದು ಕಿವಿಗೆ ಮತ್ತೆ ಮೊದಲಿನಿಂದ ಶುರು.

ಹನಿ ಪೂರ್ತಿ ಹರಿದ ಮೇಲೂ ಒಳಗೆ ತೇವ ಅನ್ನಿಸಿದರೆ ಹೇರ್ ಡ್ರೈಯರ್ ಬಳಸಬಹುದು. ಆಲ್ಕೋಹಾಲ್ ಹೊತ್ತಿಕೊಳ್ಳುವ ವಸ್ತು ಆದ್ದರಿಂದ ಕೆಲವು ನಿಮಿಷ ಬಿಟ್ಟೇ ಹಚ್ಚಿ. ಅತಿ ಕಡಿಮೆ ಬಿಸಿ, ಅತಿ ಕಡಿಮೆ ವೇಗ, ಕಿವಿಯಿಂದ ಸುಮಾರು 30 ಸೆಂಟಿಮೀಟರ್ ದೂರ. ಒಂದೇ ಕಡೆ ನಿಲ್ಲಿಸದೆ ಅತ್ತಿತ್ತ ಆಡಿಸುತ್ತಿರಿ. ನಾನಂತೂ ಹನಿ ಬಿಟ್ಟ ದಿನ ಡ್ರೈಯರ್ ಮುಟ್ಟುವುದಿಲ್ಲ, ಡ್ರೈಯರ್ ಹಚ್ಚಿದ ದಿನ ಹನಿ ಬಿಡುವುದಿಲ್ಲ. ಎರಡರಲ್ಲಿ ಒಂದು ಸಾಕಾಗುತ್ತದೆ.

ಎಷ್ಟು ಸಲ? ಈಜಿದ ದಿನ, ಈಜಿದ ಮೇಲೆ ಒಂದು ಸಲ. ಈಜದ ದಿನ ಬೇಡ. ದಿನಕ್ಕೆ ಮೂರ್ನಾಲ್ಕು ಸಲ ಬಿಟ್ಟರೆ ಚರ್ಮ ಒಣಗಿ ಹೊಟ್ಟು ಏಳುತ್ತದೆ, ತುರಿಕೆ ಬರುತ್ತದೆ, ತುರಿಸಿಕೊಂಡರೆ ಗೀರು. ಸುತ್ತಿ ಬಳಸಿ ಸೋಂಕಿಗೇ ದಾರಿ ಮಾಡಿಕೊಟ್ಟಂತೆ. ಕಿವಿ ಒಣಕಲು ಅನ್ನಿಸಿದರೆ ಒಂದು ವಾರ ಬಿಡುವು ಕೊಡಿ.

ಹನಿಗಿಂತ ಮುಖ್ಯವಾದದ್ದು

ಇಯರ್ ಬಡ್ ಬಿಟ್ಟುಬಿಡಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಬಡ್ ಗುಗ್ಗೆಯನ್ನು ತೆಗೆಯುವುದಕ್ಕಿಂತ ಒಳಗೆ ತಳ್ಳುವುದೇ ಜಾಸ್ತಿ. ಒಳಗೆ ಗಟ್ಟಿಯಾದ ಗುಗ್ಗೆಯ ಹಿಂದೆ ನೀರು ಸಿಕ್ಕಿಕೊಂಡರೆ ಯಾವ ಹನಿಯೂ ಅಲ್ಲಿಗೆ ತಲುಪುವುದಿಲ್ಲ. ಕಿವಿಯ ಚರ್ಮ ತಾನಾಗಿಯೇ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸಾಗುತ್ತಾ ಗುಗ್ಗೆಯನ್ನು ಹೊರಗೆ ತರುತ್ತದೆ. ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಗುಗ್ಗೆ ಕಟ್ಟಿಕೊಂಡಿದೆ ಅನ್ನಿಸಿದರೆ ವೈದ್ಯರ ಹತ್ತಿರ ತೆಗೆಸಿ. ಹೇರ್ ಪಿನ್, ಕೀಲಿಕೈ, ಬೆಂಕಿಕಡ್ಡಿ ಯಾವುದೂ ಬೇಡ.

ನೀರು ಒಳಗೆ ಹೋಗದಂತೆ ತಡೆಯುವುದು ಇನ್ನೂ ಒಳ್ಳೆಯದು. ಈಜುವವರಿಗೆಂದೇ ಮಾಡಿದ ಮೆತ್ತನೆಯ ಇಯರ್ ಪ್ಲಗ್, ಅದರ ಮೇಲೆ ಕಿವಿ ಮುಚ್ಚುವಂತೆ ಟೋಪಿ. ಪ್ಲಗ್ ಬಿಗಿಯಾಗಿ ಉಜ್ಜಿದರೆ ಅದೂ ಚರ್ಮ ಕೆರೆಯುತ್ತದೆ, ಅಳತೆ ನೋಡಿ ಆರಿಸಿಕೊಳ್ಳಿ. ಪ್ಲಗ್ ಹಾಕಿಕೊಂಡು ಆಳಕ್ಕೆ ಮುಳುಗಬಾರದು, ಒತ್ತಡಕ್ಕೆ ಕಿವಿ ತಮಟೆಗೆ ಪೆಟ್ಟಾಗುತ್ತದೆ. ಈಜಿ ಬಂದ ಕೂಡಲೇ ಒದ್ದೆ ಕಿವಿಗೆ ಇಯರ್ ಫೋನ್ ತುರುಕಬೇಡಿ. ಹಿಯರಿಂಗ್ ಏಡ್ ಹಾಕುವವರು ಕಿವಿ ಪೂರ್ತಿ ಒಣಗುವ ತನಕ ಕಾಯಿರಿ. ತಲೆಗೆ ಬಣ್ಣ ಹಚ್ಚುವಾಗ, ಸ್ಪ್ರೇ ಹೊಡೆಯುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ನೀರನ್ನೂ ಒಮ್ಮೆ ವಿಚಾರಿಸಿ. ಈಜುಕೊಳದ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7.0ರಿಂದ 7.8ರ ನಡುವೆ ಇರಬೇಕು, ಕ್ಲೋರಿನ್ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಇರಬೇಕು. ನೋಡಿಕೊಳ್ಳುವವರನ್ನು ಕೇಳಲು ಸಂಕೋಚ ಬೇಡ. ಅಳೆಯುವ ಪಟ್ಟಿಯನ್ನು ನೀವೇ ಅದ್ದಿ ನೋಡಬಹುದು. ನೀರು ಕಲಕಿದ್ದು ತಳ ಕಾಣದಿದ್ದರೆ ಅವತ್ತು ಇಳಿಯಬೇಡಿ.

ಹನಿ ನಿಲ್ಲಿಸಿ ವೈದ್ಯರ ಬಳಿ ಹೋಗುವುದು ಯಾವಾಗ

ಒಂದು ಸರಳ ಪರೀಕ್ಷೆ ಇದೆ. ಕಿವಿಯನ್ನು ಮೆಲ್ಲಗೆ ಎಳೆಯಿರಿ, ಮುಂದಿನ ಪುಟ್ಟ ಉಬ್ಬನ್ನು ಒತ್ತಿ. ನೋವಾದರೆ ಕಿವಿ ನಾಳದಲ್ಲಿ ಸೋಂಕು ಶುರುವಾಗಿರುವ ಸಾಧ್ಯತೆ ಹೆಚ್ಚು. ನೆಗಡಿಯ ಜೊತೆ ಬರುವ ನಡುಗಿವಿಯ ನೋವಿನಲ್ಲಿ ಹೀಗೆ ಎಳೆದರೆ ಸಾಮಾನ್ಯವಾಗಿ ನೋವು ಹೆಚ್ಚಾಗುವುದಿಲ್ಲ. ಎರಡಕ್ಕೂ ಔಷಧಿ ಬೇರೆ, ಹಾಗಾಗಿ ಊಹೆ ಮಾಡಿ ಏನನ್ನೂ ಬಿಡಬೇಡಿ.

ಎಳೆದರೆ ನೋವು, ಬಿಡದ ತುರಿಕೆ, ಕೀವು ಅಥವಾ ವಾಸನೆಯ ನೀರು ಸೋರುವುದು, ಕಿವಿ ಮುಚ್ಚಿಕೊಂಡಂತೆ ಕೇಳಿಸದಿರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಯ ಹನಿ ಅಲ್ಲಿಗೇ ನಿಲ್ಲಲಿ. ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಿ. ಜ್ವರ ಬಂದರೆ, ಕಿವಿಯ ಸುತ್ತ ಕೆಂಪಾಗಿ ಊದಿದರೆ, ಮುಖ ಒಂದು ಕಡೆ ಸೊಟ್ಟಗಾದರೆ ಅದೇ ದಿನ ಹೋಗಿ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ಈ ಸೋಂಕು ಅಪರೂಪಕ್ಕೆ ಮೂಳೆಗೆ ಇಳಿಯುತ್ತದೆ. ರಾತ್ರಿ ನಿದ್ದೆಗೆಡಿಸುವಂಥ ಆಳವಾದ ನೋವು ಅದರ ಗುರುತು. ಅಂಥವರು ನಾಳೆ ನೋಡೋಣ ಅನ್ನಬಾರದು.

ಸಾಮಾನ್ಯವಾಗಿ ವೈದ್ಯರು ಕಿವಿ ಸ್ವಚ್ಛ ಮಾಡಿ, ಆ್ಯಂಟಿಬಯೋಟಿಕ್ ಹನಿ ಬರೆದುಕೊಡುತ್ತಾರೆ. ಎರಡು ಮೂರು ದಿನದಲ್ಲಿ ನೋವು ಇಳಿಯುತ್ತದೆ. ನೋವು ಹೋಯಿತು ಅಂತ ಹನಿ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಬಿಡಿ. ವಾರದಿಂದ ಹತ್ತು ದಿನ ನೀರಿಗೆ ಇಳಿಯುವಂತಿಲ್ಲ. ಸ್ನಾನ ಮಾಡುವಾಗ ಹತ್ತಿ ಉಂಡೆಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಕಿವಿ ಬಾಯಿಗೆ ಇಟ್ಟುಕೊಂಡರೆ ನೀರು ಒಳಗೆ ಹೋಗುವುದಿಲ್ಲ. ದಿನಾ ಈಜುವವರಿಗೆ ಈ ಹತ್ತು ದಿನ ಎಷ್ಟು ಉದ್ದ ಅನ್ನುವುದು ನನಗೂ ಗೊತ್ತು. ಆದರೂ ಕಾಯಿರಿ. ಚರ್ಮ ಪೂರ್ತಿ ವಾಸಿಯಾಗಿದೆ ಅಂತ ವೈದ್ಯರು ಹೇಳಿದ ಮೇಲೆ ಹಳೆಯ ಬಾಟಲಿ ಚೆಲ್ಲಿ, ಹೊಸದಾಗಿ ಬೆರೆಸಿಕೊಂಡು, ಮತ್ತೆ ಎರಡು ಹನಿಯಿಂದಲೇ ಶುರು ಮಾಡಿ.